ಚುಕ್ಕಿಯ ಚಿಗರಿ

ನಮ್ಮ ಪಡಸಾಲೆಯ ಬಾಗಿಲ ಹಿಂದಿನ ಗೂಟಕ್ಕೆ ಒಂದು ಛತ್ರಿ ನೇತಾಡುತ್ತಿದೆ. ಅದರ ಕರಿಯ ಬಟ್ಟೆ ಈಗ ಬೂದಿಯ ಬಣ್ಣಕ್ಕೆ ಬಂದಿದೆ. ಮಡಿಕೆಗಳಲ್ಲಿ ನುಸಿ ತಿಂದ ತೂತುಗಳಿವೆ, ಹಿಡಿಕೆಯ ಬೆತ್ತ ಬಿರಿದಿದೆ. ಅದನ್ನು ಯಾರೂ ಬಿಚ್ಚುವುದಿಲ್ಲ. ಯಾರೂ ಎಸೆಯುವುದೂ ಇಲ್ಲ. ಮೊನ್ನೆ ಸುಣ್ಣ ಬಳಿಯಲು ಬಂದವನು, “ಇದನ್ನ ತಗದ ಇಡ್ಲೇನ್ರಿ?” ಎಂದು ಕೇಳಿದ. ಏನೋ ಯೋಚನೆಯಲ್ಲಿದ್ದ ನಾನು, “ಅಲ್ಲೇ ಇರಲಿ” ಎಂದೆ. ಅವನು ನನ್ನ ಮಾತನ್ನು ಒಂದಕ್ಷರ ಬಿಡದೆ ಪಾಲಿಸಿದ. ಛತ್ರಿಯ ಸುತ್ತ ಕುಂಚ ಆಡಿಸಿ ಹೋದ. ಈಗ ಬೆಳ್ಳನೆಯ ಗೋಡೆಯಲ್ಲಿ, ಛತ್ರಿಯ ಹಿಂದೆ, ಛತ್ರಿಯಷ್ಟೇ ಅಗಲದ ಹಳೆಯ ಗೋಡೆ ಉಳಿದಿದೆ.

ನನ್ನ ನೆನಪುಗಳೂ ಸುಮಾರು ಹೀಗೆಯೇ ಎಂದು ನನ್ನ ಅನುಮಾನ. ಸುತ್ತಲೂ ವರ್ಷವರ್ಷ ಸುಣ್ಣ ಬಳಿದುಕೊಂಡು ಬಂದಿದ್ದೇನೆ. ಹಳೆಯದು ಎಲ್ಲಿ ಉಳಿದಿದೆ ಎಂದು ನೋಡಬೇಕಾದರೆ ಛತ್ರಿಯನ್ನು ಎತ್ತಬೇಕು. ಎತ್ತುವುದಕ್ಕೆ ಮನಸ್ಸಿಲ್ಲ.

ಆ ಛತ್ರಿಯನ್ನು ಅಪ್ಪ ಸವಣೂರಿನಿಂದ ತಂದಿದ್ದ. ಅಪ್ಪನದು ಹಾನಗಲ್ಲಿನಲ್ಲಿ ಭತ್ತ, ಅಕ್ಕಿಯ ವ್ಯಾಪಾರ. ಅವನಿಗೆ ಅಲ್ಲಿಯ ತನಕ ಕಂಬಳಿಯ ಕೊಪ್ಪೆಯೇ ಸಾಕಾಗಿತ್ತು. ಆದರೆ ಬಸುರಿ ಮಗಳಿಗೆ ಕುಬಸ ಮಾಡಲು ಬೀಗರ ಮನೆಗೆ ಹೋಗುವಾಗ ಕಂಬಳಿ ಹೊದ್ದು ಹೋಗುವುದು ಹೇಗೆ? ಹಸಿರು ಸೀರೆ, ಹಸಿರು ಬಳೆ, ಕುಬಸದ ಖಣ, ಬುತ್ತಿಯ ಬುಟ್ಟಿ, ಇವುಗಳ ಜೊತೆಗೆ ಒಂದು ಛತ್ರಿಯೂ ಬೇಕು ಎಂದು ಅವನಿಗೆ ಅನ್ನಿಸಿತು. ತಂದ ಮೇಲೆ ಅದರ ಮೇಲೆ ಎಷ್ಟು ಮಮತೆ ಬಂತೆಂದರೆ, ಮಳೆ ಹನಿಯಿತೋ, ಅಪ್ಪ ಛತ್ರಿಯನ್ನು ಮಡಿಚಿ ಅಂಗಿಯೊಳಗೆ ಇಟ್ಟುಕೊಳ್ಳುತ್ತಿದ್ದ. ತಾನು ತೋಯಿಸಿಕೊಂಡು ಅದನ್ನು ಒಣದಾಗಿ ಮನೆಗೆ ತರುತ್ತಿದ್ದ.

“ಛತ್ರಿ ನಿಮಗೋ, ಛತ್ರಿಗೆ ನೀವೋ?” ಎಂದು ಅವ್ವ ಕೇಳುತ್ತಿದ್ದಳು.

“ಹೊಸಾದೈತಿ ಇನ್ನ” ಎಂದು ಅಪ್ಪ ತಲೆ ಒರಸಿಕೊಳ್ಳುತ್ತಿದ್ದ.

ಅಕ್ಕನನ್ನು ಕೊಟ್ಟದ್ದು ಹಿರೇಕೆರೂರಿನ ಆಚೆಯ ಒಂದು ಹಳ್ಳಿಗೆ. ನಮ್ಮೂರಿನಿಂದ ಚಕ್ಕಡಿಯಲ್ಲಿ ಹೋದರೆ ನಡುವೆ ಒಂದು ಕಡೆ ತಂಗಬೇಕು. ನಮ್ಮದು ಗದ್ದೆ, ಕೆರೆ, ಅಡವಿಯ ಸೀಮೆ. ಅವರದು ಬಯಲು. ಮದುವೆಯ ಮರುದಿನ ಅಕ್ಕನನ್ನು ಬಿಟ್ಟು ಬರುವಾಗ ಅವ್ವ ಹಿಂತಿರುಗಿ ನೋಡುತ್ತ, “ಮರೆಗೆ ಒಂದ ಗಿಡಾ ಸೈತ ಇಲ್ಲಲ್ಲರೀ ಈ ಊರಾಗ. ನಿಂತು ಅಳಬೇಕಂದ್ರ ಎಲ್ಲಿ ನಿಲ್ಲತೈತಿ ಕೂಸು?” ಎಂದಿದ್ದಳು. ಅಪ್ಪ ಎತ್ತುಗಳಿಗೆ ಏನೋ ಹೇಳಿದ.

ಅಕ್ಕನ ಹೆಸರು ಗೌರವ್ವ. ನನಗಿಂತ ಎಂಟೊಂಬತ್ತು ವರ್ಷ ದೊಡ್ಡವಳು. ಅವಳ ಬಗ್ಗೆ ಬರೆಯಹೊರಟರೆ ನನ್ನ ಕೈ ತಾನಾಗಿಯೇ ಅವಳನ್ನು ಚೆಲುವೆ ಮಾಡುತ್ತದೆ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ: ಅವಳ ಹಲ್ಲು ಸ್ವಲ್ಪ ಮುಂದಿದ್ದವು, ನಡೆಯುವಾಗ ಹಿಮ್ಮಡಿ ಎಳೆಯುತ್ತಿದ್ದಳು, ನನ್ನ ತಲೆಗೆ ಎಣ್ಣೆ ಹಚ್ಚುವಾಗ ಕಿವಿ ತಿರುವುತ್ತಿದ್ದಳು. ಮತ್ತೆ, ಎಲ್ಲರೂ ನೋಡಿದ್ದನ್ನು ನೋಡುವ ಭಾಗ್ಯ ಅವಳಿಗೆ ಇರಲಿಲ್ಲ. ಕೆರೆ ಕೋಡಿ ಬಿದ್ದ ದಿನ ಜ್ವರ. ಕಲೆಕ್ಟರ ಸಾಹೇಬರ ಮೋಟಾರು ಮೊದಲ ಬಾರಿ ಊರಿಗೆ ಬಂದ ದಿನ ಸೋದರತ್ತೆಯ ಮನೆ. ಒಂದು ಸಲ ಸುಗ್ಗಿಯಲ್ಲಿ, ಬೆಳಗಿನ ಹೊತ್ತು, ನಮ್ಮ ಗದ್ದೆಗೆ ಅಡವಿಯಿಂದ ಚುಕ್ಕಿ ಜಿಂಕೆಗಳು ಇಳಿದಿದ್ದವು. ಅಪ್ಪ, ಅವ್ವ, ನಾನು, ಆಳುಮಗ ಫಕ್ಕೀರಪ್ಪ, ಎಲ್ಲರೂ ಬದುವಿನ ಮೇಲೆ ಉಸಿರು ಹಿಡಿದು ನಿಂತು ನೋಡಿದೆವು. ಮೈತುಂಬ ಚುಕ್ಕಿ, ಟೊಂಗೆಟೊಂಗೆಯಾದ ಕೋಡು. ಅಕ್ಕ ನೀರಿಗೆ ಹೋಗಿದ್ದಳು. ಕೊಡ ಹೊತ್ತು ಅವಳು ಬರುವ ಹೊತ್ತಿಗೆ ಗದ್ದೆಯಲ್ಲಿ ಗೊರಸಿನ ಗುರುತು ಮಾತ್ರ ಇತ್ತು.

“ಇವ ಹೆಜ್ಜಿ, ನೋಡಿಕೊಳ್ರಿ” ಎಂದು ಫಕ್ಕೀರಪ್ಪ ತೋರಿಸಿದ. “ಉಳದದ್ದು ಮ್ಯಾಲ ಇತ್ತು ಅಂತ ತಿಳಕೊಳ್ರಿ ಅಕ್ಕಾರ.”

ಅಕ್ಕ ಕೊಡ ಇಳಿಸದೆಯೇ ಬಗ್ಗಿ ಗೊರಸಿನ ಗುರುತನ್ನು ನೋಡಿದಳು. ನೀರು ಅವಳ ಕತ್ತಿನ ಮೇಲೆ ಚೆಲ್ಲಿತು. ಆಮೇಲೆ ಬಹಳ ದಿನ ಮನೆಯಲ್ಲಿ ಅದೇ ಚೇಷ್ಟೆ. ರೊಟ್ಟಿ ಖಾಲಿಯಾದರೆ, “ಗೌರಾ, ಬುಟ್ಟಿಯಾಗ ಗುರುತು ಅದಾವ, ನೋಡಿಕೋ” ಎನ್ನುವುದು.

ಅವಳ ಗಂಡನ ಊರಿನ ಹತ್ತಿರ ಒಂದು ದೊಡ್ಡ ಹುಲ್ಲುಗಾವಲಿತ್ತು. ಸರಕಾರದ ಕಾವಲು. ಅಲ್ಲಿ ಚಿಗರಿ ಎನ್ನುವ ಬಯಲು ಜಿಂಕೆಗಳ ಹಿಂಡುಗಳಿದ್ದವು. ಈಗ ಅದಕ್ಕೆ ಬೇಲಿ ಹಾಕಿ, ಹಲಗೆ ನೆಟ್ಟು, ಮೃಗಗಳ ಉದ್ಯಾನ ಮಾಡಿದ್ದಾರಂತೆ. ಹೆಂಡಿರು ಮಕ್ಕಳನ್ನು ಕರೆದುಕೊಂಡು ಹೋಗಿ ಟಿಕೀಟು ತೆಗೆಸಿ ನೋಡಿ ಬರುತ್ತಾರಂತೆ. ಆಗ ಅಲ್ಲಿ ಕುರಿ ಕಾಯುವವರು ಬಿಟ್ಟರೆ ಯಾರೂ ಹೋಗುತ್ತಿರಲಿಲ್ಲ. ಅಕ್ಕನ ಅತ್ತೆ, ನಾದಿನಿಯರು ಹೊಲದಿಂದ ಬಂದು ಕೈಕಾಲು ತೊಳೆಯುತ್ತ, “ಇವತ್ತೂ ಬಂದಿದ್ದವು ನೋಡು ಚಿಗರಿ, ಬಿತ್ತಿದ್ದೆಲ್ಲಾ ತುಳದು ಹ್ವಾದವು” ಎಂದು ಬೈದುಕೊಳ್ಳುತ್ತಿದ್ದರಂತೆ. ಹೊಸ ಸೊಸೆ ಹೊಲಕ್ಕೆ ಹೋಗುವಂತಿರಲಿಲ್ಲ. ಅವಳು ಒಳಗೆ ಕುಳಿತು ಕೇಳುತ್ತಿದ್ದಳು. ಎರಡು ವರ್ಷ ಕೇಳಿದಳು.

ಕುಬಸದ ದಿನ ಸೋಬಾನೆ ಮುಗಿದು, ಹೆಂಗಸರೆಲ್ಲ ಸುತ್ತ ಕುಳಿತು ಬಯಕೆ ಕೇಳುವಾಗ ಅವಳು ಹೇಳಿದ್ದು ಇದನ್ನೇ.

“ನಾ ಒಮ್ಮೆ ಚಿಗರಿ ನೋಡಬೇಕು.”

ಮಂದಿ ನಕ್ಕರು. ಹುಣಸೆಕಾಯಿ ಕೇಳುವವರಿದ್ದಾರೆ, ಮಾವಿನಕಾಯಿ ಕೇಳುವವರಿದ್ದಾರೆ, ಕದ್ದು ಗೋಡೆಯ ಮಣ್ಣು ತಿನ್ನುವವರಿದ್ದಾರೆ. ನೋಡುವ ಬಯಕೆ ಎಂಥದು? ಅವಳ ಅತ್ತೆ, “ಕಣ್ಣಿಗೆ ಬಸರೇನ ನಿಮ್ಮ ಮಗಳಿಗೆ?” ಎಂದಳು. ಅವ್ವ ಮಾತ್ರ ನಗಲಿಲ್ಲ. ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆ. ಇದು ನಮ್ಮ ಕಡೆ ಎಲ್ಲರೂ ಹೇಳುವ ಮಾತು. ಹೇಳಿದವರಲ್ಲಿ ಅರ್ಧ ಮಂದಿ ನಂಬುವುದಿಲ್ಲ. ಅವ್ವ ನಂಬುವ ಅರ್ಧದವಳು.

ಅದರ ಜೊತೆಗೆ ಇನ್ನೊಂದು ಕಟ್ಟಳೆಯೂ ಅವಳ ತಲೆಯಲ್ಲಿತ್ತು: ಚೊಚ್ಚಲ ಹೆರಿಗೆಗೆಂದು ತವರಿಗೆ ಹೊರಟ ಚಕ್ಕಡಿಯನ್ನು ಬೇರೆ ದಿಕ್ಕಿಗೆ ತಿರುಗಿಸಬಾರದು. ಹುಲ್ಲುಗಾವಲು ಇದ್ದದ್ದು ಮೂಡಣಕ್ಕೆ, ಹಾನಗಲ್ಲು ಪಡುವಣಕ್ಕೆ. ಒಂದು ಕಟ್ಟಳೆ ಹೋಗು ಎನ್ನುತ್ತದೆ, ಇನ್ನೊಂದು ಬೇಡ ಎನ್ನುತ್ತದೆ. ಇವೆರಡರ ನಡುವೆ ಅವ್ವ ಆ ರಾತ್ರಿ ನಿದ್ದೆ ಮಾಡಲಿಲ್ಲವಂತೆ. ಬೆಳಗಾದಾಗ ಅವಳು ಒಂದು ದಾರಿ ಕಂಡುಕೊಂಡಿದ್ದಳು. ಮೊದಲು ಹುಲ್ಲುಗಾವಲಿಗೆ ಹೋಗಿ ಬರುವುದು. ಅಲ್ಲಿಯ ತನಕ ತವರಿಗೆ ಹೊರಟಂತೆ ಅಲ್ಲ. ಅಲ್ಲಿ ಚಕ್ಕಡಿಯಿಂದ ಇಳಿದು, ಒಂದು ಕಾಯಿ ಒಡೆದು, ಮತ್ತೆ ಹತ್ತಿದಾಗ ತವರಿಗೆ ಹೊರಟಂತೆ. ನನಗೆ ಆಮೇಲೆ ವಕೀಲರ ಪರಿಚಯ ಬಹಳ ಆಗಿದೆ. ಅವ್ವನಷ್ಟು ಚೊಕ್ಕವಾಗಿ ಕಾಯಿದೆಯ ಸಂದು ಹುಡುಕಿದವರನ್ನು ಕಂಡಿಲ್ಲ.

ಈಗ ಆ ಬೆಳಗಿನ ವಿಷಯ. ಇಲ್ಲಿ ನಾನು ನಿಮ್ಮನ್ನು ಎಚ್ಚರಿಸಬೇಕು. ನನ್ನ ನೆನಪಿನಲ್ಲಿ ಅಂದು ಜಿನುಗು ಮಳೆ, ಹಿಂಗಾರಿಯ ಕೊನೆಯ ಹನಿ. ಅವ್ವನ ಪ್ರಕಾರ ಮಳೆ ಇರಲೇ ಇಲ್ಲ, ಬರೀ ಮಂಜು. ಅಪ್ಪ ಸಾಯುವ ತನಕ, ಮಂಜೂ ಅಷ್ಟೇನು ದಟ್ಟವಿರಲಿಲ್ಲ, ಫಕ್ಕೀರಪ್ಪ ತಡವಾಗಿ ಎದ್ದದ್ದೇ ತಪ್ಪು ಎನ್ನುತ್ತಿದ್ದ. ಫಕ್ಕೀರಪ್ಪ ಎತ್ತಿನ ತಪ್ಪು ಎನ್ನುತ್ತಿದ್ದ. ಎತ್ತುಗಳನ್ನು ಯಾರೂ ಕೇಳಲಿಲ್ಲ. ಇನ್ನೂ ಒಂದು ಮಾತು: ಆ ಹೊತ್ತಿನಲ್ಲಿ ನಾನು ಚಕ್ಕಡಿಯ ಹುಲ್ಲಿನ ಮೇಲೆ ನಿದ್ದೆ ಹೋಗಿದ್ದೆ, ಏನೂ ನೋಡಿಲ್ಲ, ಏನೂ ಕೇಳಿಲ್ಲ ಎಂದು ಅವ್ವ ಹಟ ಹಿಡಿಯುತ್ತಿದ್ದಳು. ಇಷ್ಟು ಹೇಳಿದ ಮೇಲೆ ಮುಂದಿನದನ್ನು ನೀವು ಎಷ್ಟು ಬೇಕೋ ಅಷ್ಟು ನಂಬಿ.

ಚಕ್ಕಡಿ ಹುಲ್ಲುಗಾವಲಿನ ಅಂಚಿಗೆ ಬಂದು ನಿಂತಿತು. ಮುಂದೆ ಎರೆಮಣ್ಣು, ಗಾಲಿ ಹೂಳುತ್ತದೆ. ಅಕ್ಕನನ್ನು ಅವ್ವ ಕೈ ಹಿಡಿದು ಇಳಿಸಿದಳು. ಅವಳ ಕಾಲು ಬಾತಿದ್ದವು, ಕಾಲುಂಗುರ ಮಾಂಸದಲ್ಲಿ ಹುದುಗಿದ್ದವು. ಹುಲ್ಲು ಅಕ್ಕನ ಮೊಣಕಾಲ ತನಕ ಬಂದು, ಹಸಿರು ಸೀರೆಯ ಅಂಚು ಕ್ಷಣದಲ್ಲಿ ತೊಯ್ದು ಕಪ್ಪಾಯಿತು. ಎದುರಿಗೆ ಏನೂ ಇರಲಿಲ್ಲ. ನಾಲ್ಕು ಮಾರಿನ ಆಚೆ ಒಂದು ಜಾಲಿಗಿಡ, ಅದರ ಆಚೆ ಹಾಲು ಬಗ್ಗಡವಾದಂಥ ಬೆಳಕು. ಎತ್ತುಗಳ ಮೂಗಿನಿಂದ ಬರುವ ಉಸಿರೂ ಅದರಲ್ಲಿ ಸೇರಿಕೊಳ್ಳುತ್ತಿತ್ತು.

ನಾವು ಕಾದೆವು. ಹನಿ ಶುರುವಾಯಿತು (ನನ್ನ ಲೆಕ್ಕದಲ್ಲಿ). ಆಗ ಅಪ್ಪ, ಯಾವ ಮಳೆಗೂ ಬಿಚ್ಚದಿದ್ದ ಛತ್ರಿಯನ್ನು, ಮಗಳ ತಲೆಯ ಮೇಲೆ ಹಿಡಿಯಲು, ಫಟ್ಟನೆ ಬಿಚ್ಚಿದ. ಆ ನಿಶ್ಶಬ್ದದಲ್ಲಿ ಅದು ಬಂದೂಕಿನ ಹಾಗೆ ಕೇಳಿಸಿತು. ಮಂಜಿನೊಳಗೆ ಎಲ್ಲೋ, ನೆಲ ಒಮ್ಮೆ ಗುಡುಗುಡು ಎಂದಂತಾಗಿ ನಿಂತಿತು.

“ಮುಗೀತಲ್ಲ!” ಎಂದಳು ಅವ್ವ. “ಇಷ್ಟ ದಿನ ಅಂಗಿಯಾಗ ಇಟಗೊಂಡಿದ್ರಿ, ಇವತ್ತ ಬಿಚ್ಚಬೇಕಿತ್ತೇನು?”

“ಕೂಸು ತೊಯ್ಯಾಕತ್ತಿತ್ತಲ್ಲ” ಎಂದ ಅಪ್ಪ. ಛತ್ರಿಯನ್ನು ಹಾಗೆಯೇ ಹಿಡಿದುಕೊಂಡು ನಿಂತ. ಮಡಿಚಲೂ ಹೆದರಿಕೆ.

ಮತ್ತೆ ಕಾದೆವು. ಅಕ್ಕ ಒಂದು ಕಾಲಿನ ಮೇಲಿನ ಭಾರವನ್ನು ಇನ್ನೊಂದರ ಮೇಲೆ ಹಾಕುತ್ತ ನಿಂತಿದ್ದಳು. ಫಕ್ಕೀರಪ್ಪ ಬಗ್ಗಿ ಬಗ್ಗಿ ಗಾಲಿ ನೋಡುತ್ತಿದ್ದ.

“ಯಜಮಾನ್ರ, ಹಿಂಗ ನಿಂತ್ರ ಚಕ್ಕಡಿ ಇಲ್ಲೇ ಬೇರು ಬಿಡ್ತೈತ್ರಿ. ಹೊತ್ತ ಮುಣಗೂದ್ರಾಗ ತಂಗೂ ಊರು ಮುಟ್ಟಬೇಕಲ್ಲರೀ.”

ಅಕ್ಕನೇ ಕೊನೆಗೆ, “ಇರಲಿ ಬಿಡಪ್ಪಾ. ಹೆಜ್ಜಿ ಗುರುತರ ಇದ್ದಾವು, ನೋಡಿಕೊಂಡು ಹೋಗೂಣು” ಎಂದಳು. ನಗಿಸಲೆಂದೇ ಅಂದಳು. ಯಾರಿಗೂ ನಗು ಬರಲಿಲ್ಲ. ಅಪ್ಪ ತಟ್ಟನೆ ಕೈ ಚಾಚಿದ.

“ಅಲ್ಲಿ! ಅಲ್ಲಿ ನೋಡು ಗೌರಾ, ಆ ಜಾಲೀಗಿಡದ ಎಡಕ್ಕ!”

ಅಲ್ಲಿ ಏನೂ ಇರಲಿಲ್ಲ. ಅವ್ವ ಅಪ್ಪನ ಮುಖ ನೋಡಿದಳು. ಒಂದು ಗಳಿಗೆ ಅಷ್ಟೇ.

“ಹೌದ ಹೌದು! ಅಯ್ಯ ಶಿವನ, ಎಷ್ಟ ಚಂದ ಅದಾವ. ಮೈತುಂಬಾ ಚುಕ್ಕಿ ನೋಡು!”

“ಕೋಡ ನೋಡ್ರಿ ಅಕ್ಕಾರ” ಎಂದ ಫಕ್ಕೀರಪ್ಪ, ಕಣ್ಣಿನ ಮೇಲೆ ಕೈ ಅಡ್ಡ ಹಿಡಿದು. “ಟೊಂಗಿ ಟೊಂಗಿ, ಟೊಂಗಿ ಟೊಂಗಿ!”

ನಾನೇಕೆ ಹಿಂದುಳಿಯಲಿ? “ಮರೀನೂ ಐತಿ! ತಾಯಿ ಬಗಲಾಗ ಐತಿ!” ಎಂದು ಕುಣಿದೆ. ಹೇಳುತ್ತಿದ್ದಂತೆ ನನಗೆ ಆ ಮರಿ ಕಂಡೂ ಕಂಡಿತು. ಇವತ್ತಿಗೂ ಕಾಣುತ್ತದೆ. ಆ ಬೆಳಗಿನ ಎಲ್ಲದರಲ್ಲಿ ನನಗೆ ತೀರ ಸ್ಪಷ್ಟವಾಗಿ ನೆನಪಿರುವುದು, ಅಲ್ಲಿ ಇಲ್ಲದ ಆ ಮರಿ.

ಅಕ್ಕ ನಾವು ತೋರಿಸಿದ ಕಡೆ ನೋಡುತ್ತಿರಲಿಲ್ಲ. ಅವಳ ಮುಖ ಬಲಗಡೆಗೆ, ಛತ್ರಿಯ ಅಂಚಿನ ಆಚೆಗೆ ತಿರುಗಿತ್ತು. ಅವಳ ಕೈ ತಾನಾಗಿ ಹೊಟ್ಟೆಯ ಮೇಲೆ ಬಂದಿತ್ತು.

“ಹೂಂ” ಎಂದಳು. “ಕಂಡಿತು. ಕರೇದು.”

ನಮ್ಮ ಮನೆಯಲ್ಲಿ ಜಿಂಕೆ ಕರ್ರಗಿರುವುದು ಯಾರಿಗೂ ಗೊತ್ತಿರಲಿಲ್ಲ. ನಾವು ಕಂಡದ್ದು ನಮ್ಮ ಗದ್ದೆಗೆ ಇಳಿದದ್ದು. ಕೋಡಿರುವುದೆಲ್ಲ ಅದೇ.

“ಕರೇದಲ್ಲವ್ವಾ” ಎಂದಳು ಅವ್ವ ಮೆತ್ತಗೆ. “ಚುಕ್ಕೀದು. ಈ ಕಡೆ ನೋಡು.”

“ಕರೇದು ಅಂದ್ರ ಯಜಮಾನ್ರ ಛತ್ರಿ ಕಂಡಿರಬೇಕ್ರಿ ಅಕ್ಕಾರಿಗೆ” ಎಂದ ಫಕ್ಕೀರಪ್ಪ.

ಆಗ ಎಲ್ಲರಿಗೂ ನಗು ಬಂತು. ತಡೆದುಕೊಂಡಿದ್ದ ನಗು, ಬೇಕಾದದ್ದಕ್ಕಿಂತ ಜೋರಾಗಿ ಬಂತು. ಅಕ್ಕ ತಿರುಗಿ ನಮ್ಮ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಅಪ್ಪನ ಮುಖವನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದಳು.

“ಹೌದು” ಎಂದಳು. “ಚುಕ್ಕೀದ ಅದು.”

ಕಾಯಿ ಒಡೆದೆವು. ಅಕ್ಕ ಹತ್ತಿದಳು. ಚಕ್ಕಡಿ ಪಡುವಣಕ್ಕೆ ತಿರುಗಿತು. ಹುಲ್ಲಿನ ಮೇಲೆ ನನ್ನನ್ನು ಪಕ್ಕಕ್ಕೆ ಎಳೆದುಕೊಂಡು, ಕಿವಿಯ ಹತ್ತಿರ ಅಕ್ಕ ಒಂದು ಮಾತು ಹೇಳಿದಳು: “ಹೊಟ್ಟಿ ಬೆಳ್ಳಗಿತ್ತೋ. ಹಿಟ್ಟಿನ್ಯಾಗ ಕುಂತು ಎದ್ದಂಗ.”

ಹೇಳಿದಳೇ? ನಾನು ನಿದ್ದೆಯಲ್ಲಿದ್ದೆ ಎನ್ನುತ್ತಿದ್ದಳಲ್ಲ ಅವ್ವ.

ನಮ್ಮೂರಿಗೆ ಬಂದ ಮೇಲೆ ಅಕ್ಕ ಎರಡು ತಿಂಗಳು ಇದ್ದಳು. ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತು ಅಕ್ಕಿ ಆರಿಸುತ್ತಿದ್ದಳು, ಅರಳು ತಿನ್ನುತ್ತಿದ್ದಳು, ನನ್ನ ಮಗ್ಗಿ ತಪ್ಪಾದರೆ ಕಿವಿ ತಿರುವುತ್ತಿದ್ದಳು. ಚಳಿಗಾಲದಲ್ಲಿ ಹೆತ್ತಳು. ಹೆಣ್ಣು ಮಗು. ಬಾಣಂತಿಗೆ ಜ್ವರ ಬಂತು. ವಾರದೊಳಗೆ ಹೋದಳು. ಇದಕ್ಕಿಂತ ಹೆಚ್ಚು ನನಗೆ ತಿಳಿಯದು. ಕೇಳಲು ಯಾರನ್ನು ಕೇಳಬೇಕಿತ್ತೋ ಅವರ ಮುಖ ನೋಡಿದರೆ ಕೇಳುವ ಹಾಗಿರಲಿಲ್ಲ. ನೆನಪಿರುವುದು ಬಾಗಿಲ ಮುಂದೆ ಬಿಟ್ಟ ಚಪ್ಪಲಿಗಳು, ಒಂದರ ಮೇಲೊಂದು. ಮತ್ತೆ, ಅಪ್ಪ ಬಿಸಿಲಿನಲ್ಲಿ ಛತ್ರಿ ಹಿಡಿದು ಅಂಗಳದಲ್ಲಿ ನಿಂತದ್ದು. ಮಡಿಚಿದ ಛತ್ರಿ.

ಮಗುವಿಗೆ ನೀಲವ್ವ ಎಂದು ಹೆಸರಿಟ್ಟರು. ಅವಳ ಅಪ್ಪ ಬೇರೆ ಮದುವೆಯಾದ. ಅವಳು ನಮ್ಮಲ್ಲೇ ಬೆಳೆದಳು, ಅವ್ವನನ್ನು ಆಯಿ ಎಂದು ಕರೆಯುತ್ತ. ಹಲ್ಲು ಬರುವ ಹೊತ್ತಿಗೆ ಅವಳ ಎಡಗಿವಿ ಸೋರಲು ಶುರುವಾಯಿತು.

ಎಷ್ಟೋ ಮಕ್ಕಳ ಕಿವಿ ಸೋರುತ್ತವೆ. ಆದರೆ ಅವ್ವ ದಿಂಬಿನ ಮೇಲೆ ಆ ಹಳದಿ ಕಲೆಯನ್ನು ಮೊದಲು ಕಂಡ ಬೆಳಿಗ್ಗೆ, ದಿಂಬನ್ನು ಅಪ್ಪನ ಮುಂದೆ ಹಿಡಿದು ನಿಂತಳು. ಅಪ್ಪ ಅಂಗಡಿಗೆ ಹೋಗಲು ಮೆಟ್ಟಿದ್ದ ಚಪ್ಪಲಿ ಬಿಟ್ಟು ಒಳಗೆ ಬಂದು ಕುಳಿತ. ಆಮೇಲೆ ಅವನು ಬಹಳ ವರ್ಷ ಬದುಕಲಿಲ್ಲ.

ನಾನು ಮುಲ್ಕಿ ಪರೀಕ್ಷೆ ಪಾಸಾಗಿ ಶಿಗ್ಗಾಂವಿಯಲ್ಲಿ ಸಾಲಿ ಮಾಸ್ತರನಾದೆ. ಯುದ್ಧದ ಕಾಲ. ರಜೆಯಲ್ಲಿ ಮನೆಗೆ ಬಂದಾಗ ಗಮನಿಸಿದೆ: ನೀಲಿಯನ್ನು ಎಡಗಡೆಯಿಂದ ಕರೆದರೆ ಅವಳು ತಿರುಗುತ್ತಿರಲಿಲ್ಲ. ಯಾರಾದರೂ ಮಾತಾಡಿಸಿದರೆ ಹಕ್ಕಿಯ ಹಾಗೆ ತಲೆ ಓರೆ ಮಾಡಿ ಬಲಗಿವಿ ಕೊಡುತ್ತಿದ್ದಳು.

“ಸವಣೂರಾಗ ಒಬ್ಬರು ಹಕೀಮರು ಅದಾರ. ಕಿವಿ ಔಷಧಕ್ಕ ಭಾಳ ಹೆಸರು. ತೋರಿಸ್ಕೊಂಡು ಬರ್ತೇನಿ” ಎಂದೆ ಅವ್ವನಿಗೆ.

“ಅದು ಔಷಧದ ಕಿವಿ ಅಲ್ಲೋ.”

“ಮತ್ತ ಎಂಥಾದ್ದು?”

ಅವ್ವ ಮೊರದಲ್ಲಿದ್ದ ಅಕ್ಕಿಯನ್ನು ಕೇರುವುದನ್ನು ನಿಲ್ಲಿಸಿದಳು. “ನಾವು ಹೇಳಿದ ಸುಳ್ಳು ಅದು. ಸೋರಾಕತ್ತೈತಿ. ನಿಮ್ಮಕ್ಕ ಏನೂ ನೋಡಲಿಲ್ಲ. ನಮ್ಮ ಮಾರಿ ನೋಡಿ ಹೂಂ ಅಂದ್ಲು. ಬಯಕಿ ಹೊಟ್ಟ್ಯಾಗ ಉಳೀತು.”

“ಕರೇದು ಕಂಡಿತು ಅಂದ್ಲಲ್ಲ ಅವ್ವಾ.”

“ಯಾವಾಗಂದ್ಲು? ನೀ ಮಕ್ಕೊಂಡಿದ್ದಿ.”

ಹಾಗಾದರೆ ಅವ್ವ ಏನು ಔಷಧ ಮಾಡುತ್ತಿದ್ದಳು? ಅದನ್ನು ನಾನು ಸಂಜೆ ನೋಡಿದೆ. ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆಯನ್ನು ಅರಳೆಯಲ್ಲಿ ಅದ್ದಿ, ನೀಲಿಯ ತಲೆಯನ್ನು ತೊಡೆಯ ಮೇಲೆ ಓರೆಯಾಗಿ ಇಟ್ಟುಕೊಂಡು, ಹನಿ ಹನಿಯಾಗಿ ಬಿಡುತ್ತಿದ್ದಳು. ಬಿಡುತ್ತ ಬಿಡುತ್ತ ಅದೇ ಕಿವಿಯೊಳಕ್ಕೆ ಕಥೆ ಹೇಳುತ್ತಿದ್ದಳು.

“ಆಮ್ಯಾಲೆ ನಿಮ್ಮವ್ವ ಚಕ್ಕಡಿ ಇಳದ್ಲು. ಹಸರ ಸೀರಿ. ಜಾಲೀಗಿಡದ ಕಡೆ ನೋಡತಾಳ, ಅಲ್ಲೇ ನಿಂತೈತಿ! ಮೈತುಂಬಾ ಚುಕ್ಕಿ. ಬಂಗಾರದ ಚುಕ್ಕಿ. ಕೋಡು ಟೊಂಗಿ ಟೊಂಗಿ. ನಿಮ್ಮವ್ವ ಕಣ್ಣ ತುಂಬಾ ನೋಡಿದ್ಲು. ನೋಡಿ ನಕ್ಕಳು. ನಿಮ್ಮಜ್ಜ ಛತ್ರಿ ಬಿಚ್ಚಿದ್ದಕ್ಕ ಓಡಿ ಹೋತು. ಇಲ್ಲಂದ್ರ ಹತ್ತರ ಬರ್ತಿತ್ತು.”

“ಬಗಲಾಗ?” ಎಂದು ನೀಲಿ ಕಣ್ಣು ಮುಚ್ಚಿಕೊಂಡೇ ಕೇಳಿದಳು.

“ಬಗಲಾಗ ಮರಿ.”

“ಅದು ನಾನ.”

“ಹೂಂ. ಅದು ನೀನ.”

ನಾನು ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತೆ. ಬಯಕೆ ತೀರಲಿಲ್ಲ ಎಂದು ನಂಬಿದವಳು, ತೀರಿತು ಎಂದು ದಿನವೂ ಆ ಕಿವಿಗೆ ಹೇಳುತ್ತಿದ್ದಳು. ಕಿವಿ ನಂಬಿದರೆ ಸೋರುವುದು ನಿಲ್ಲಬಹುದು ಎಂದು. ಸೋರುವ ಕಿವಿಗೆ ಎಷ್ಟು ಕೇಳುತ್ತದೋ ಏನೋ. ಮಗುವಿಗೆ ಮಾತ್ರ ಕೇಳಿಸಿತ್ತು.

ಕೊನೆಗೆ ಅವ್ವ ಒಪ್ಪಿದಳು. ನಾನು ವಾದಿಸಿ ಗೆದ್ದದ್ದಲ್ಲ. ನೀಲಿ ಒಂದು ದಿನ ಹಿಂದಿನಿಂದ ಬಂದ ಎತ್ತಿನ ಗಾಡಿಯ ಸದ್ದು ಕೇಳದೆ ದಾರಿಯ ನಡುವೆಯೇ ನಡೆದಿದ್ದಳು. ಹೊರಡುವಾಗ ಅವ್ವ ಗೂಟದಿಂದ ಛತ್ರಿ ತೆಗೆದು ನನ್ನ ಕೈಗಿಟ್ಟಳು. ಕಿವಿಗೆ ಗಾಳಿ ಬಡಿಯಬಾರದು, ಬಿಸಿಲು ಬಡಿಯಬಾರದು ಎಂದು.

ಆಗಿನ ಬಸ್ಸು ನಿಮಗೆ ಗೊತ್ತಿರಲಿಕ್ಕಿಲ್ಲ. ಪೆಟ್ರೋಲು ಇಲ್ಲದ್ದಕ್ಕೆ ಇದ್ದಿಲಿನ ಗ್ಯಾಸಿನ ಮೇಲೆ ಓಡುತ್ತಿದ್ದವು. ಹಿಂದುಗಡೆ ಬಚ್ಚಲಿನ ಹಂಡೆಯಂಥದೊಂದನ್ನು ಕಟ್ಟಿರುತ್ತಿದ್ದರು. ಕ್ಲೀನರನು ಅದಕ್ಕೆ ಇದ್ದಿಲು ತುಂಬಿ, ಗಾಳಿ ತಿರುವಿ ತಿರುವಿ ಹೊತ್ತಿಸಬೇಕು. ಏರು ಬಂದರೆ ಜನ ಇಳಿದು ನಡೆಯಬೇಕು. ಹಾನಗಲ್ಲಿನಿಂದ ಶಿಗ್ಗಾಂವಿ ಮುಟ್ಟುವಷ್ಟರಲ್ಲಿ ನಮ್ಮೆಲ್ಲರ ಮುಖದ ಮೇಲೆ ಮಸಿ ಕೂತಿತ್ತು. ಅಲ್ಲಿ ಬಸ್ಸು ಬದಲಿಸಿ ಸವಣೂರಿನ ದಾರಿ ಹಿಡಿದೆವು. ಅರ್ಧ ದಾರಿಯಲ್ಲಿ ಅದು ಕೆಮ್ಮಿ ನಿಂತಿತು. ಎಡಬಲಕ್ಕೆ ಎರೆಹೊಲ, ಕಡಲೆ ಕಿತ್ತ ಬಯಲು, ಸ್ವಚ್ಛ ಬಿಸಿಲು. ಮಂಜಿಲ್ಲ, ಹನಿಯಿಲ್ಲ. ನೋಡುವುದಕ್ಕೆ ಅಷ್ಟು ಒಳ್ಳೆಯ ದಿನವನ್ನು ನಾನು ಕಂಡಿಲ್ಲ. ಆದರೆ ಆ ದಿನ ನಾವು ಏನನ್ನೂ ನೋಡಲು ಹೊರಟಿರಲಿಲ್ಲ.

ಕ್ಲೀನರ ಗಾಳಿ ತಿರುವತೊಡಗಿದ. ನಮ್ಮ ಮುಂದೆ ವೀಳ್ಯದೆಲೆಯ ಬುಟ್ಟಿ ಇಟ್ಟುಕೊಂಡು ಕುಳಿತಿದ್ದ ಸವಣೂರಿನ ಮುದುಕಿಯೊಬ್ಬಳು ಕಿಟಕಿಯ ಆಚೆ ನೋಡಿ, “ಬಂದ್ವು ನೋಡ್ರಿ ಪುಂಡ ಮುಂಡೇವು, ಹಗಲಿನ್ಯಾಗ” ಎಂದಳು.

ಹೊಲದ ನಡುವೆ ಚಿಗರಿಗಳ ಹಿಂಡು ನಿಂತಿತ್ತು. ಗೋಧಿಯ ಬಣ್ಣದವು ಬಹಳ. ಅವುಗಳಿಂದ ಸ್ವಲ್ಪ ದೂರ, ಒಂಟಿಯಾಗಿ, ಒಂದು. ಕೋಡು ಟೊಂಗೆಯಾಗಿರಲಿಲ್ಲ. ಹಗ್ಗ ಹುರಿ ಮಾಡಿದಂತೆ ತಿರುಚಿ ನೆಟ್ಟಗೆ ಮೇಲೆ ಹೋಗಿದ್ದವು. ಮೈ ಕರ್ರಗೆ. ಹೊಟ್ಟೆ ಮಾತ್ರ ಬೆಳ್ಳಗೆ, ಹಿಟ್ಟಿನಲ್ಲಿ ಕುಳಿತು ಎದ್ದಂತೆ.

“ಅದ್ಯಾಕ ಅದೊಂದ ಕರೇದು?” ಎಂದು ಮುದುಕಿಯನ್ನು ಕೇಳಿದೆ.

“ಗಂಡೈತಿ, ಅದಕ್ಕ. ವಯಸ್ಸಿಗೆ ಬಂದ್ರ ಗಂಡು ಕರೇದಾಕೈತಿ. ನೋಡಿಲ್ಲೇನು ಮಾಸ್ತರ?”

ನೋಡಿರಲಿಲ್ಲ. ನಮ್ಮ ಮನೆಯಲ್ಲಿ ಯಾರೂ ನೋಡಿರಲಿಲ್ಲ. ಒಬ್ಬಳನ್ನು ಬಿಟ್ಟು.

ಇಷ್ಟು ಹೊಂದಿಕೆಯಾಗಿ ಕೂಡಿ ಬರುವುದನ್ನು ನಾನು ನಂಬುವವನಲ್ಲ. ಎಲ್ಲರೂ ಕಂಡದ್ದನ್ನು ಕಾಣದವಳು, ಯಾರೂ ಕಾಣದ್ದನ್ನು ತಾನೊಬ್ಬಳೇ ಕಂಡಳು. ಇಂಥದನ್ನು ಬೇರೆಯವರು ಬರೆದರೆ ನಾನು ಕಾಗದ ಮಡಿಚಿ ಇಡುತ್ತೇನೆ. ಅವಳು ಕಂಡಿರಲಿಕ್ಕಿಲ್ಲ, ಗಂಡನ ಮನೆಯ ಹೆಂಗಸರು ಬೈಯುವಾಗ ಕರಿಯ ಚಿಗರಿ ಎಂದದ್ದನ್ನು ಕೇಳಿಟ್ಟುಕೊಂಡಿರಬಹುದು. ಅಥವಾ ಅವಳು ಹಾಗೆ ಅಂದೇ ಇಲ್ಲ. ಬಸ್ಸಿನ ಕಿಟಕಿಯಲ್ಲಿ ನಾನು ಕಂಡ ಬಣ್ಣವನ್ನು ತೆಗೆದುಕೊಂಡು ಹೋಗಿ, ಅಷ್ಟು ವರ್ಷಗಳ ಹಿಂದಿನ ಮಂಜಿನಲ್ಲಿ ಅವಳ ಬಾಯಿಗೆ ಇಟ್ಟಿರಬಹುದು. ಹಿಟ್ಟಿನ ಮಾತು ಅವಳದೋ ನನ್ನದೋ, ದೇವರಾಣೆ ಹೇಳಲಾರೆ. ಆದರೆ ಆ ಬಿಸಿಲಿನಲ್ಲಿ ನನಗೆ ಇವೊಂದೂ ಹೊಳೆಯಲಿಲ್ಲ. ಅಕ್ಕನ ಮುಖ ಬಲಗಡೆಗೆ ತಿರುಗಿದ್ದು, ಕೈ ಹೊಟ್ಟೆಯ ಮೇಲೆ ಬಂದದ್ದು, ಇಷ್ಟೇ ಕಣ್ಣ ಮುಂದೆ ಬಂತು. ಬಯಕೆ ತೀರಿತ್ತು. ಕಿವಿ ಬೇರೆ ಯಾವುದಕ್ಕೋ ಸೋರುತ್ತಿತ್ತು, ಎಲ್ಲ ಮಕ್ಕಳ ಕಿವಿಯ ಹಾಗೆ. ಇದನ್ನು ಅವ್ವನಿಗೆ ಹೇಳಬೇಕು. ಅಪ್ಪನಿಗೆ ಹೇಳಬೇಕು ಎಂದೂ ಒಂದು ಕ್ಷಣ ಅನ್ನಿಸಿತು. ಅಪ್ಪ ಹೋಗಿ ಎರಡು ವರ್ಷವಾಗಿತ್ತು.

(ಹಕೀಮರ ಔಷಧದಿಂದ ಸೋರುವುದು ನಿಂತಿತು. ಕೇಳುವುದು ಮರಳಲಿಲ್ಲ. ಅವ್ವನಿಗೆ ನಾನು ಕರಿಯ ಚಿಗರಿಯ ವಿಷಯ ಹೇಳಿದೆ. “ನಿನಗ ಹಂಗ ಅನ್ನಿಸಿದ್ರ ಹಂಗ” ಎಂದು ಅಕ್ಕಿ ಕೇರುತ್ತ ಕುಳಿತಳು.)

ನೀಲಿ ನನ್ನ ಬಲಕ್ಕೆ, ಕಿಟಕಿಯ ಹತ್ತಿರ ಕುಳಿತಿದ್ದಳು. ಅರಳೆ ಇಟ್ಟ ಎಡಗಿವಿ ನನ್ನ ಕಡೆ. ನಾನು ಬಗ್ಗಿ ಹೇಳಿದೆ: “ನಿಮ್ಮವ್ವ ನೋಡಿದ್ದು ಇದನ್ನ.”

ಅವಳು ತಿರುಗಿ ಬಲಗಿವಿ ಕೊಟ್ಟಳು. “ಏನ್ ಮಾಮಾ?”

ಒಂದೇ ಸಲ ಹೇಳುವುದು ಸುಲಭ. ಎರಡನೆಯ ಸಲ ಹೇಳುವಾಗ, ಅದೂ ಬಸ್ಸಿನ ಮಂದಿಯೆಲ್ಲ ಕೇಳುವಂತೆ ಗಟ್ಟಿಯಾಗಿ ಹೇಳುವಾಗ, ಮಾತು ನಿಜವಿರಬೇಕಾಗುತ್ತದೆ. ನಾನು ಹೇಳಿದೆ. “ಆ ಕರೇದು ನೋಡು. ನಿಮ್ಮವ್ವ ಅವತ್ತ ನೋಡಿದ್ದು ಅದನ್ನ.”

ನೀಲಿ ನೋಡಿದಳು. ಚೆನ್ನಾಗಿ, ಬಹಳ ಹೊತ್ತು, ಕಣ್ಣು ಕಿರಿದು ಮಾಡಿಕೊಂಡು ನೋಡಿದಳು. ಆಮೇಲೆ ದೊಡ್ಡವರು ತಪ್ಪು ಹೇಳಿದಾಗ ಮಕ್ಕಳು ತೋರಿಸುವ ಮರ್ಯಾದೆಯಿಂದ ತಲೆ ಅಲ್ಲಾಡಿಸಿದಳು.

“ಇದು ಅಲ್ಲ ಮಾಮಾ. ನಮ್ಮವ್ವ ನೋಡಿದ್ದು ಚುಕ್ಕೀದು. ಇದರ ಬಗಲಾಗ ಮರಿ ಎಲ್ಲೈತಿ?”

ಹಿಂದೆ ಹಂಡೆ ಗುರ್ರೆಂದಿತು. ಬಿಸಿಲು ಕಿಟಕಿಯಿಂದ ಅವಳ ಕಿವಿಯ ಮೇಲೆ ಬೀಳುತ್ತಿತ್ತು. ಕೈಗೆ ಒಂದು ಕೆಲಸ ಬೇಕಾಗಿ, ನಾನು ಛತ್ರಿಯ ಗುಂಡಿ ಬಿಚ್ಚಿದೆ. ನೀಲಿ ಅದನ್ನು ನನ್ನ ಕೈಯಿಂದ ಕಸಿದುಕೊಂಡು ಎರಡೂ ತೋಳಿನಲ್ಲಿ ಬಿಗಿಯಾಗಿ ಅಪ್ಪಿಕೊಂಡಳು.

“ಇದನ್ನ ಬಿಚ್ಚಬ್ಯಾಡ ಮಾಮಾ,” ಎಂದಳು. “ಅದು ಇನ್ನೂ ಬರಬೇಕು.”